ಯುಲೀಸಾಳನ್ನು ಗಾಡಿಯಲ್ಲಿ ಕರೆದೊಯ್ದ ಬಗ್ಗೆ ದಲ್ಮೀರಾ ಪಕಾಯಾ ಕೊಟ್ಟ ಹೇಳಿಕೆ

ಹೆಸರು ದಲ್ಮೀರಾ ಪಕಾಯಾ ಅಹುವನಾರಿ, ವಯಸ್ಸು 41 ವರ್ಷ, ಕಸುಬು ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುವುದು, ವಾಸ ಇಕಿತೋಸ್ ಪಟ್ಟಣದ ಬೆಲೆನ್ ಮೇಲಿನ ಕೇರಿ, ಸಂತೆಯ ಹಿಂಭಾಗ. ನಾನೂ ಹೆರಿಗೆ ನರ್ಸ್ ಎದಿತ್ ಕನಾಯೊ ಅವರೂ ಸೇರಿ ತಮ್ಮ ಬಸುರಿ ಸೊಸೆಯನ್ನು ಅಪಹರಿಸಿದ್ದೇವೆ ಎಂದು ಶ್ರೀಮತಿ ಸೊರಾಯ್ದಾ ಮುರಯಾರಿ ಎಂಬುವರು ದೂರು ಕೊಟ್ಟಿರುವ ಕಾರಣ ನನ್ನನ್ನು ಠಾಣೆಗೆ ಕರೆಸಿ ವಿಚಾರಿಸಲಾಗಿ, ನಾನು ಕಣ್ಣಾರೆ ಕಂಡದ್ದನ್ನೂ ಕಿವಿಯಾರೆ ಕೇಳಿದ್ದನ್ನೂ ಹೀಗೆ ಹೇಳಿ ಬರೆಸುತ್ತಿದ್ದೇನೆ.

ಎದಿತ್ ಅವರು ನಮ್ಮ ಕೇರಿಯ ಆರೋಗ್ಯ ಕೇಂದ್ರದವರು. ಬಸುರಿ ಹುಡುಗಿಯರ ಮನೆಗಳಿಗೆ ಹೋಗಿ ತೂಕ, ರಕ್ತದೊತ್ತಡ ನೋಡುತ್ತಾರೆ. ಜೊತೆಗೆ ನಿದ್ದೆ ಬರುತ್ತದೆಯೇ, ನಗು ಬರುತ್ತದೆಯೇ, ಸುಮ್ಮಸುಮ್ಮನೆ ಹೆದರಿಕೆಯಾಗುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಎರಡು ವರ್ಷದಿಂದ ಪ್ರತಿ ಮಂಗಳವಾರ ಅವರನ್ನು ಕರೆದೊಯ್ಯುವುದು ನಾನೇ. ಈ ಪ್ರಶ್ನೆಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. 'ಬಸುರಿ ಅಂದ್ಮೇಲೆ ಅಳ್ದೆ ಇರ್ತಾಳಾ ಅಕ್ಕ? ಮೂರು ಹೆತ್ತೆ, ಮೂರು ಸಲಾನೂ ಅತ್ತಿದೀನಿ' ಎಂದು ಒಮ್ಮೆ ಹೇಳಿದ್ದೆ. 'ಯಾಕೆ ಅಳ್ತೀಯ ಅಂತ ನಿನ್ನ ಯಾರಾದ್ರೂ ಕೇಳಿದ್ರಾ?' ಎಂದು ಅವರು ಕೇಳಿದರು. ನಾನು ಗಾಡಿಯ ವೇಗ ಹೆಚ್ಚಿಸಿದೆ.

ದಿನಾಂಕ 12-03-2019ರ ಮಂಗಳವಾರ ಬೆಳಗ್ಗೆ ಸುಮಾರು ಒಂಬತ್ತು ಗಂಟೆಗೆ ನಾವು ಕೆಳಕೇರಿಗೆ ಹೋದೆವು. ನದಿ ಏರಿರುವುದರಿಂದ ಗಾಡಿ ಸಂತೆಯ ಮೆಟ್ಟಿಲವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಹಲಗೆಗಳ ಮೇಲೆ ನಡೆಯಬೇಕು. ಎದಿತ್ ಅವರ ಕೈಯಲ್ಲಿ ಎರಡು ಚೀಲಗಳಿದ್ದುದರಿಂದ ತೂಕದ ಯಂತ್ರವನ್ನು ನಾನು ಹೊತ್ತುಕೊಂಡೆ. ಸೊರಾಯ್ದಾ ಅವರ ಮನೆ ಕಂಬಗಳ ಮೇಲಿದೆ. ಆ ದಿನ ನೀರು ನೆಲದ ಹಲಗೆಗಿಂತ ಒಂದು ಮೊಳ ಕೆಳಗಿತ್ತು. ಮಾತು ನಿಂತಾಗಲೆಲ್ಲ ಕಾಲಡಿಯಲ್ಲಿ ನೀರಿನ ಸದ್ದು ಕೇಳುತ್ತಿತ್ತು.

ಸೊಸೆ ಯುಲೀಸಾ ತಪುಲ್ಯಿಮಾ, ಹದಿನೇಳು ವರ್ಷ, ಏಳು ತಿಂಗಳ ಬಸುರಿ. ಅವಳ ತವರು ನದಿಯ ಮೇಲ್ದಂಡೆಯ ಒಂದು ಹಳ್ಳಿ. ಗಂಡ ಜೆಯ್ಸೆರ್ ಮರ ಸಾಗಿಸುವ ದೋಣಿಯಲ್ಲಿ ಕೆಲಸಕ್ಕೆ ಹೋಗಿದ್ದಾನೆ. ಹುಡುಗಿ ಮೀನಿನ ಬುಟ್ಟಿಯ ಪಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಿಂದಿನ ಸಲ ನೋಡಿದಾಗ ಸೊಂಟದವರೆಗಿದ್ದ ಕೂದಲು ಈಗ ಕಿವಿಯ ಮೇಲಕ್ಕಿತ್ತು. ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಹೇನು ಬಿದ್ದಿತ್ತು ಎಂದು ಅತ್ತೆ ತಾವಾಗಿಯೇ ಹೇಳಿದರು.

ಎದಿತ್ ಅವರು ಊಟ ಸೇರುತ್ತಿದೆಯೇ ಎಂದು ಹುಡುಗಿಯನ್ನು ಕೇಳಿದರು. 'ಸೇರ್ದೆ ಏನು? ಮಾಡಿ ಹಾಕೋಳು ನಾನು, ತಿನ್ನೋಳು ಅವಳು' ಎಂದು ಅತ್ತೆ ಹೇಳಿದರು. ನಿದ್ದೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ, ಕೋಳಿ ಕೂಗಿದರೂ ಏಳುವುದಿಲ್ಲ ಎಂದು ಅತ್ತೆಯೇ ಹೇಳಿದರು. 'ಸೊರಾಯ್ದಮ್ಮ, ಬಸುರಿ ನೀವಾ, ಅವಳಾ?' ಎಂದು ಎದಿತ್ ಕೇಳಿದಾಗ ಸೊರಾಯ್ದಾ ನಕ್ಕರು. ನಾನೂ ನಕ್ಕೆ. ಹುಡುಗಿ ನಗಲಿಲ್ಲ. ಆಗ ಎದಿತ್ ಅವರು, ಈ ಹಲಗೆ ಅಲ್ಲಾಡುತ್ತದೆ, ತೂಕ ಸರಿಯಾಗಿ ಬರುವುದಿಲ್ಲ, ಮೆಟ್ಟಿಲ ಮೇಲಿನ ಗಟ್ಟಿ ನೆಲಕ್ಕೆ ಕರೆದೊಯ್ಯುತ್ತೇನೆ ಎಂದರು. ಮೀನು ಕೊಯ್ಯುವುದಿದೆ, ಬೇಗ ಕಳಿಸಿ ಎಂದು ಅತ್ತೆ ಒಪ್ಪಿದರು.

ಮೇಲೆ ತೂಕ ನೋಡಿದ ಮೇಲೆ ಎದಿತ್ ಅವರು ಹುಡುಗಿಯನ್ನು ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ನಾನು ಮುಂದಿದ್ದೆ. ಎಂಜಿನ್ ನಿಲ್ಲಿಸಿದ್ದರಿಂದ ಎಲ್ಲವೂ ಕೇಳಿಸಿತು. ಮೊದಲಿನ ಪ್ರಶ್ನೆಗಳಿಗೆಲ್ಲ ಅವಳು ಚೆನ್ನಾಗಿದ್ದೇನೆ ಎಂದಳು. ಕೂದಲು ಕತ್ತರಿಸಿಕೊಂಡದ್ದೇಕೆ ಎಂದಾಗ ತಲೆ ಭಾರವಾಗುತ್ತಿತ್ತು ಎಂದಳು. ಮಗು ಒದೆಯುತ್ತದೆಯೇ ಎಂದಾಗ, 'ಒದ್ಯುತ್ತೆ. ಪಾಪ ಅನ್ಸುತ್ತೆ. ಎಲ್ಲೂ ಜಾಗ ಸಿಗ್ದೆ ನನ್ನ ಹೊಟ್ಟೇಲಿ ಬಂದು ಸಿಕ್ಕಾಕೊಂಡಿದೆ' ಎಂದಳು.

ಆಗ ಎದಿತ್ ಅವರು ದನಿ ಬದಲಿಸದೆ, 'ಸಾಯ್ಬೇಕು ಅನ್ಸುತ್ತಾ ಯುಲೀಸಾ?' ಎಂದು ಕೇಳಿದರು.

ನಾನು ತಿರುಗಿ, 'ಬಿಡ್ತು ಅನ್ನಿ ಅಕ್ಕ! ಹೊಟ್ಟೇಲಿರೋ ಕೂಸು ಕೇಳಿಸ್ಕೊಳ್ಳೋ ಹಾಗೆ ಎಂಥ ಮಾತು! ಇಲ್ದೇ ಇರೋ ಯೋಚ್ನೆ ನೀವೇ ಅವಳ ತಲೆಗೆ ತುಂಬ್ತೀರಾ?' ಎಂದು ರೇಗಿದೆ. 'ನೀನು ಮುಂದೆ ನೋಡ್ಕೊಂಡು ಕೂತ್ಕೋ ದಲ್ಮೀರಾ' ಎಂದರು. ಆಮೇಲೆ ಹುಡುಗಿ ಉಸಿರು ಬಿಟ್ಟ ಸದ್ದು ಕೇಳಿತು. ತುಂಬ ಹೊತ್ತು ಹೊತ್ತಿದ್ದ ಗೊನೆಯನ್ನು ಕೆಳಗಿಳಿಸಿದವರು ಬಿಡುವಂಥ ಉಸಿರು. 'ಹೂಂ' ಎಂದಳು. 'ನೀರು ಹಲಗೆಗೆ ತಾಗಿದ ದಿನ ಇಳಿದ್ಬಿಡೋಣ ಅಂತಿದೀನಿ. ಅತ್ತೆಗೆ ಗೊತ್ತಾಗಿದೆ ಅನ್ಸುತ್ತೆ. ರಾತ್ರಿ ಬಾಗಿಲಿಗೆ ಅಡ್ಡ ಮಲಗ್ತಾರೆ. ಕಣ್ಣು ಮುಚ್ಚಿರ್ತಾರೆ ಅಷ್ಟೆ, ನಿದ್ದೆ ಮಾಡಿರಲ್ಲ' ಎಂದಳು.

ನದಿ ದಿನಕ್ಕೆ ನಾಲ್ಕು ಬೆರಳು ಏರುತ್ತಿದೆ ಎಂದು ಸಂತೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಒಂದು ಮೊಳಕ್ಕೆ ಇನ್ನೆಷ್ಟು ದಿನ ಎಂದು ನಾನು ಲೆಕ್ಕ ಹಾಕಿದೆ. ಆರೇ ದಿನ.

ಎದಿತ್ ಅವರು ಅವಳ ಕೈ ಹಿಡಿದುಕೊಂಡು, ಈ ದಿನ ನಿನ್ನನ್ನು ಕೆಳಗೆ ಕಳಿಸಲಾರೆ, ಆಸ್ಪತ್ರೆಗೆ ಬರುತ್ತೀಯಾ, ನಾನು ಜೊತೆಗಿರುತ್ತೇನೆ ಎಂದು ಕೇಳಿದರು. ಅವಳು ತಲೆಯಾಡಿಸಿದಾಗ ಬಾಯಲ್ಲಿ ಹೇಳು ಎಂದರು. 'ಬರ್ತೀನಿ' ಎಂದಳು. ಎದಿತ್ ಅವರು ಆಸ್ಪತ್ರೆಗೆ ಫೋನ್ ಮಾಡಿದರು. ಅತ್ತೆಗೆ ತಿಳಿಸಿ ಬರಲು ನಾನು ಗಾಡಿಯಿಂದ ಇಳಿಯುತ್ತಿದ್ದಾಗಲೇ ಸೊರಾಯ್ದಾ ಅವರು ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಮೀನು ಕೊಯ್ಯುವ ಚಾಕು ಇತ್ತು. ಅದು ಕೈಯಲ್ಲಿದ್ದದ್ದು ಅವರಿಗೆ ನೆನಪಿರಲಿಲ್ಲ ಎಂದು ನನಗನ್ನಿಸುತ್ತದೆ. ಆಸ್ಪತ್ರೆ ಎಂಬ ಮಾತು ಕೇಳಿದೊಡನೆ ಗಾಡಿಯ ಹ್ಯಾಂಡಲ್ ಹಿಡಿದು, 'ನನ್ ಮೊಮ್ಮಗೂನ ಎಲ್ಲಿಗೆ ಹೊತ್ಕೊಂಡು ಹೋಗ್ತೀರೇ?' ಎಂದು ಕೂಗಿದರು.

ಮಕ್ಕಳನ್ನು ಕದ್ದು ಮಾರುವವರು ಊರಿಗೆ ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಆ ವಾರ ಸಂತೆಯಲ್ಲಿ ಹಬ್ಬಿತ್ತು. ಯಾರೋ 'ಮಗು ಕದಿಯೋರು ಕಣ್ರೋ!' ಎಂದರು. ಅಷ್ಟೇ ಸಾಕಾಯಿತು. ನೋಡನೋಡುತ್ತಿದ್ದಂತೆ ಮೂವತ್ತು ನಲವತ್ತು ಜನ ಸುತ್ತುವರಿದರು. ಒಬ್ಬ ಗಾಡಿಯ ಕೀ ಕಿತ್ತುಕೊಂಡ. ಗಾಡಿಯ ಮೇಲ್ಹೊದಿಕೆ ಹರಿಯಿತು. ನನ್ನ ಭುಜಕ್ಕೆ ಬಾಳೆದಿಂಡಿನ ಪೆಟ್ಟು ಬಿತ್ತು. ಎಡಗಡೆಯ ಗಾಲಿ ನೆಲ ಬಿಟ್ಟು ಎದ್ದಿತು. ಬಸುರಿ ಒಳಗಿದ್ದಾಳೆ ಎಂದು ಕೂಗಬೇಕಿತ್ತು, ಕೂಗದೆ ಕೈಗಳಿಂದ ತಲೆ ಮುಚ್ಚಿಕೊಂಡೆ. ಅದನ್ನೂ ಬರೆದುಕೊಳ್ಳಿ. ಎದಿತ್ ಅವರು ಹುಡುಗಿಯ ಹೊಟ್ಟೆಗೆ ತಮ್ಮ ಬೆನ್ನನ್ನು ಅಡ್ಡ ಕೊಟ್ಟು ಬಗ್ಗಿದ್ದರು.

ಆಗ ಯುಲೀಸಾ ಎದ್ದು ನಿಂತಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. 'ಯಾರೂ ನನ್ನ ಕದ್ದಿಲ್ಲ. ನಾನೇ ಹೋಗ್ತಿದೀನಿ. ಮನೇಲಿದ್ರೆ ನೀರಿಗೆ ಬೀಳ್ತೀನಿ. ನಂಗೆ ಬೀಳೋಕೆ ಇಷ್ಟ ಇಲ್ಲ' ಎಂದಳು.

ಗಾಲಿ ನೆಲಕ್ಕೆ ಇಳಿಯಿತು. ಈರುಳ್ಳಿ ಮಾರುವ ಹೆಂಗಸೊಬ್ಬಳು, 'ಕೊಡೋ ಇಲ್ಲಿ, ಗಂಡಸಂತೆ ಗಂಡಸು' ಎಂದು ಆ ಮನುಷ್ಯನ ಕೈಯಿಂದ ಕೀ ಕಸಿದು ನನಗೆ ಕೊಟ್ಟಳು. ಸೊರಾಯ್ದಾ ಮಾತ್ರ ಹ್ಯಾಂಡಲ್ ಬಿಟ್ಟಿರಲಿಲ್ಲ. ಎದಿತ್ ಅವರು ಇಳಿದು ಬಂದು, ಉಳಿದವರಿಗೆ ಕೇಳದಷ್ಟು ಮೆಲ್ಲಗೆ, 'ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು ಸೊರಾಯ್ದಮ್ಮ?' ಎಂದರು. ಸೊರಾಯ್ದಾ ಅವರ ಮುಖ ಇಳಿದುಹೋಯಿತು. 'ಯಾರಿಗೆ ಹೇಳ್ಲಿ ನರ್ಸಮ್ಮ? ಸೊಸೆ ಸಾಯೋಕೆ ನೋಡ್ತಿದಾಳೆ ಅಂತ ಊರಿಗೆಲ್ಲ ಸಾರ್ಲಾ? ನನ್ ಮಗ ನಂಬ್ಕೊಂಡು ನನ್ ಕೈಗೆ ಕೊಟ್ಟು ಹೋಗಿದಾನೆ' ಎಂದರು. ನೀವೂ ಹತ್ತಿ ಎಂದು ಎದಿತ್ ಕರೆದರು. ಅವರು ಹತ್ತಲಿಲ್ಲ. ಸೊಸೆಯ ಮೊಣಕಾಲಿಗೆ ಅಂಟಿದ್ದ ಒಂದೆರಡು ಮೀನಿನ ಹುರುಪೆಗಳನ್ನು ಉಗುರಿನಿಂದ ತೆಗೆದು ಪಕ್ಕಕ್ಕೆ ಸರಿದರು. ನಾನು ಗಾಡಿ ಚಾಲೂ ಮಾಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳೊಬ್ಬಳ ಜೊತೆಯೇ ಬಹಳ ಹೊತ್ತು ಮಾತಾಡಿ ದಾಖಲು ಮಾಡಿಕೊಂಡರು. ಹಾಸಿಗೆಯ ಪಕ್ಕ ಸದಾ ಒಬ್ಬರು ಇರುವಂತೆ ಏರ್ಪಾಡಾಗಿದೆ. ಹುಡುಗಿಗೆ ಹದಿನೇಳೇ ವರ್ಷವಾದ್ದರಿಂದ ಸಂಬಂಧಪಟ್ಟ ಕಚೇರಿಗೆ ಆಸ್ಪತ್ರೆಯವರೇ ತಿಳಿಸಿದ್ದಾರೆ. ಅವಳ ತಾಯಿಗೆ ಹಳ್ಳಿಯ ರೇಡಿಯೋ ಮೂಲಕ ಸುದ್ದಿ ಮುಟ್ಟಿದೆ, ದೋಣಿ ಹತ್ತಿದ್ದಾರೆ. ಅದೇ ಸಂಜೆ ಜೆಯ್ಸೆರ್ ಫೋನ್ ಮಾಡಿ, ನನ್ನ ಹೆಂಡತಿಯನ್ನು ಯಾರಿಗೆ ಕೊಟ್ಟೆ ಎಂದು ತಾಯಿಯನ್ನು ಬೈದನಂತೆ. ಆಮೇಲೆ ಅವರು ಈ ದೂರು ಕೊಟ್ಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಈ ದಿನ ಬೆಳಗ್ಗೆ ನಾನು ಆಸ್ಪತ್ರೆಗೆ ಹೋಗಿದ್ದೆ. ಯುಲೀಸಾ ನನ್ನನ್ನು ನೋಡಿ ಅತ್ತ ಮಗ್ಗುಲಾಗಿ ಮಲಗಿದಳು. ನನಗೆ ಬೇಜಾರಾಯಿತು. 'ಜ್ವರದ ಹಾಗೆ ಒಂದು ಮಾತ್ರೆಗೆ ಇಳಿಯೋದಲ್ಲ ಇದು, ಹೆರಿಗೆ ಆದ್ಮೇಲೂ ನೋಡ್ಕೋಬೇಕು' ಎಂದು ಎದಿತ್ ಹೇಳಿದರು. ರಾತ್ರಿ ಐದು ಗಂಟೆ ಹೊತ್ತು ನಿದ್ದೆ ಮಾಡಿದಳಂತೆ.

ನನ್ನ ಗಾಡಿ ನಿನ್ನೆ ಸಂಜೆಯಿಂದ ಠಾಣೆಯ ಅಂಗಳದಲ್ಲಿದೆ. ಅದನ್ನು ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ಮಂಗಳವಾರಕ್ಕೆ ಕಾಯದೆ ಶುಕ್ರವಾರವೇ ಎದಿತ್ ಅವರನ್ನು ಇನ್ನೊಂದು ಮನೆಗೆ ಕರೆದೊಯ್ಯಬೇಕಿದೆ. ಆ ಹುಡುಗಿಗೆ ಹದಿನಾರು ವರ್ಷ. ಅವಳು ಚೆನ್ನಾಗಿದ್ದಾಳೆ, ಯಾರೂ ಬರುವುದು ಬೇಡ ಎಂದು ಮನೆಯವರು ಹೇಳಿ ಕಳಿಸಿದ್ದಾರೆ. ಗಾಡಿ ಕೊಡದಿದ್ದರೆ ನಾವಿಬ್ಬರೂ ನಡೆದೇ ಹೋಗುತ್ತೇವೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಆಡಿದ ಮಾತಿಗೆ ಸೇರಿಸಿದ್ದೂ ಇಲ್ಲ, ಬಿಟ್ಟಿದ್ದೂ ಇಲ್ಲ, ಎಲ್ಲವೂ ನಡೆದದ್ದೇ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಇಕಿತೋಸ್
ದಿನಾಂಕ: 13-03-2019

(ಸಹಿ) ದಲ್ಮೀರಾ ಪಕಾಯಾ ಅಹುವನಾರಿ