ದ್ಯಾವಕ್ಕ ಕೈ ಎತ್ತದೆ ನೀರಿಲ್ಲ

ಎಲ್ಲರೂ ಕೂತಿರಾ? ಹಾಗಾದರೆ ಕೇಳಿ. ಯಾವ ಕಾಲವೋ, ಯಾವ ಸೀಮೆಯೋ, ಒಂದು ಊರು. ಊರಿಗೊಂದು ಕೆರೆ, ಕೆರೆಗೊಂದು ತೂಬು, ತೂಬಿನಿಂದ ಗದ್ದೆಗೆ ಒಂದು ಕಾಲುವೆ. ತೂಬು ಮುಚ್ಚಿದ್ದಾಗ ಆ ಕಾಲುವೆಯಲ್ಲಿ ನಿಂತ ನೀರಿಗಿಳಿದು ದ್ಯಾವಕ್ಕ ಕುರಿಯ ಉಣ್ಣೆ ತೊಳೆಯುತ್ತಿದ್ದಳು. ತೊಳೆದು ನೂಲುತ್ತಿದ್ದಳು, ನೂತು ಕಂಬಳಿ ನೇಯುತ್ತಿದ್ದಳು. ಗಂಡ ಸತ್ತ ಮೇಲೆ ಮಗ್ಗವೇ ಅವಳ ಅನ್ನ.

ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಕಿವಿ ಹೋಗಿತ್ತು. ಎಷ್ಟು ಹೋಗಿತ್ತು? ಪೂರ್ತಿ. ಗುಡುಗಿದರೂ ಪಕ್ಕದವರು ಬೆಚ್ಚಿದ್ದನ್ನು ನೋಡಿ ತಿಳಿಯಬೇಕು. ಎದುರಿನವರ ತುಟಿ ನೋಡಿ ಉತ್ತರ ಕೊಡುತ್ತಿದ್ದಳು. ಪಡ್ಡೆಗಳು "ಕೆಪ್ಪಿ" ಅನ್ನುತ್ತಿದ್ದವು. ಅತ್ತೆ ಮಾಳವ್ವನಿಗೆ ಅದು ಅವಮಾನ. "ನಮ್ಮ ಸೊಸೆಗೆ ಕಿವಿ ಒಂಚೂರು ಮಂದ, ಅಷ್ಟೆ" ಅಂತ ಊರಿಗೆಲ್ಲ ಹೇಳಿಟ್ಟಿದ್ದಳು.

ನೀರು ಬಿಡುವ ಮೊದಲು ನೀರಗಂಟಿ ಸಣ್ಣೀರಪ್ಪ ಕೆರೆ ಏರಿಯ ಮೇಲೆ ತಮಟೆ ಬಾರಿಸಬೇಕು, ಕಾಲುವೆಯಲ್ಲಿದ್ದವರು ಮೇಲೆ ಬರಬೇಕು. ಅದು ಊರ ಕಟ್ಟಳೆ. ಒಂದು ದಿನ ಕಾಲುವೆಯಲ್ಲಿ ದ್ಯಾವಕ್ಕ ಒಬ್ಬಳೇ. ಸಣ್ಣೀರಪ್ಪ ಬಾರಿಸಿದ. ಜೋರಾಗಿ ಬಾರಿಸಿದ. ಇನ್ನೂ ಜೋರಾಗಿ ಬಾರಿಸಿದ. ಅವಳು ಬಗ್ಗಿ ಉಣ್ಣೆ ಬಾಚಿಕೊಂಡಳು. ಸರಿ, ಕೇಳಿಸಿತು, ಹೊರಟಳು ಅಂದುಕೊಂಡ. ತೂಬು ಎತ್ತಿದ.

ನೀರು ಬಂತು. ಉಣ್ಣೆ ಹೋಯಿತು, ಬುಟ್ಟಿ ಹೋಯಿತು, ದ್ಯಾವಕ್ಕನೂ ಹೋದಳು. ಪುಣ್ಯಕ್ಕೆ ದಡದ ಲಕ್ಕಿ ಗಿಡ ಕೈಗೆ ಸಿಕ್ಕಿತು.

ಸಂಜೆ ಊರೆಲ್ಲ ಒಂದೆಡೆ ಸೇರಿತು. "ಇನ್ನು ಈಕೆ ಕಾಲುವೆಗೆ ಇಳಿಯಕೂಡದು" ಅಂದರು ಗೌಡರು. ಇಳಿಯದಿದ್ದರೆ ಮಗ್ಗ ಎಲ್ಲಿ, ಅನ್ನ ಎಲ್ಲಿ? ದ್ಯಾವಕ್ಕ ಎದ್ದು ನಿಂತಳು.

"ನೀರಗಂಟಿ ಮಾವ, ನನಗೆ ಕೇಳಿಸ್ತದೆ ಅಂತ ನಿನಗೆ ಯಾರು ಹೇಳಿದ್ದು?"

"ನಿಮ್ಮತ್ತೇನೇ ಕಣವ್ವ. ಒಂಚೂರು ಮಂದ ಅಂದ್ರು. ಅದಕ್ಕೇ ತೋಳು ಬಿದ್ದುಹೋಗೋ ಹಂಗೆ ಬಾರಿಸಿದೆ."

ಮಾಳವ್ವ ಸೆರಗು ಹಿಂಡಿದಳು. "ಕಿವುಡಿ ಅನ್ನೋಕೆ ಬಾಯಿ ಬರಲಿಲ್ಲ. ಮನೆ ಮರ್ಯಾದೆ ನೋಡಬೇಕಲ್ಲ."

"ಆ ಮರ್ಯಾದೆ ನನ್ನ ಮುಳುಗಿಸ್ತಿತ್ತಲ್ಲ ಅತ್ತೆ. ಮಂದ ಅಂದ್ರೆ ಜನ ಕೂಗ್ತಾರೆ. ಏನೂ ಕೇಳಿಸಲ್ಲ ಅಂದ್ರೆ ಎದುರಿಗೆ ಬರ್ತಾರೆ. ಕೆಪ್ಪಿ ಅಂತ ಆಡ್ಕೋಬೇಡಿ, ಮಂದ ಅಂತ ಮುಚ್ಚಲೂಬೇಡಿ. ಪೂರ್ತಿ ಕೇಳಿಸಲ್ಲ ಅನ್ನಿ. ಇರೋದೇ ಅದು."

"ಮತ್ತೆ ನಿನ್ನ ಹೆಂಗೆ ಎಚ್ಚರಿಸಲಿ?" ಅಂದ ಸಣ್ಣೀರಪ್ಪ.

"ಕಣ್ಣಿದೆಯಲ್ಲ ನನಗೆ. ಮುಂದೆ ಬಂದು ಕೈ ಬೀಸು. ನಾನು ದಡ ಹತ್ತಿ ಕೈ ಎತ್ತುತೀನಿ. ಆಮೇಲೆ ತೂಬು ಮುಟ್ಟು."

ಗೌಡರು ಮೀಸೆ ತಿರುವಿದರು, ಕೆಮ್ಮಿದರು, ಕೊನೆಗೆ ಹೂಂ ಅಂದರು.

ಮುಂದಿನ ಸರದಿಗೆ ಸಣ್ಣೀರಪ್ಪ ದಂಡೆಗೆ ಬಂದು ಕೈ ಬೀಸಿದ. ದ್ಯಾವಕ್ಕ ಏನು ಮಾಡಿದಳು ಹೇಳಿ? ಹಿಡಿದ ಉಣ್ಣೆ ತೊಳೆದಳು, ಹಿಂಡಿದಳು, ಬುಟ್ಟಿಗೆ ತುಂಬಿದಳು. ಅತ್ತ ಗದ್ದೆಯಲ್ಲಿ ಗೌಡರು ಗುದ್ದಲಿ ಹಿಡಿದು ನಿಂತಿದ್ದರು.

"ಇನ್ನೂ ಯಾಕಯ್ಯಾ ನೀರಿಲ್ಲ?"

"ದ್ಯಾವಕ್ಕ ಇನ್ನೂ ಕೈ ಎತ್ತಿಲ್ಲ ಗೌಡ್ರೇ" ಅಂತ ದಂಡೆಯಿಂದ ಕೂಗಿದ ಸಣ್ಣೀರಪ್ಪ.

ಗೌಡರು ಗುದ್ದಲಿ ಕೆಳಗಿಟ್ಟು ಬದುವಿನ ಮೇಲೆ ಕೂತರು.

ಆ ನೀರು ಅವರ ಗದ್ದೆಗೆ, ಈ ಕಥೆ ನಿಮ್ಮ ಮನೆಗೆ.