ಸಿದ್ದಾಪುರ ರಸ್ತೆಯ ರಾಜಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ನಮ್ಮ ಟೆಂಪೋ ಸಂಘದ ವಿಘ್ನೇಶ್ವರಣ್ಣನವರೇ, ಗಾಡಿ ನಿಲ್ಲಿಸಿ ಬಂದ ಚಾಲಕ ಬಂಧುಗಳೇ, ಗಾಡಿ ಇಲ್ಲದ್ದಕ್ಕೆ ಒಳಗೆ ಬಂದು ಕೂತ ಸಭಿಕರೇ,

ನಮ್ಮ ರಾಜಿಗೆ ಇಂದು ಹತ್ತು ವರ್ಷ. ಶಿರಸಿ–ಸಿದ್ದಾಪುರ ರಸ್ತೆಯಲ್ಲಿ ಆಗ ಎರಡು ಸಂಘಗಳು. ಸಿದ್ದಾಪುರದವರಿಗೆ ಈ ವಿಘ್ನೇಶ್ವರಣ್ಣ ಮುಖಂಡರು, ಬನವಾಸಿ ಕಡೆಯಿಂದ ಬಂದವರಿಗೆ ನಾನು, ಈ ಸದಾಶಿವ. ಸ್ಟ್ಯಾಂಡಿನಲ್ಲಿ ಜನರನ್ನು ಹೇಗೆ ಎಳೆಯುತ್ತಿದ್ದೆವು? ಗಂಡ ಅವರ ಗಾಡಿಯಲ್ಲಿ, ಹೆಂಡತಿ ನಮ್ಮ ಗಾಡಿಯಲ್ಲಿ, ಕೈಚೀಲ ಸ್ಟ್ಯಾಂಡಿನಲ್ಲೇ!

ಊರ ಹಿರಿಯರು ಕೂರಿಸಿ, ಸರದಿ ಗೊತ್ತುಮಾಡಿ, ರಾಜಿ ಬರೆಸಿದರು. ಎಷ್ಟು ದಿನ ಉಳಿಯಿತು? ಹನ್ನೆರಡೇ ದಿನ. ಯಾರೋ ವಿಘ್ನೇಶ್ವರಣ್ಣನ ಗಾಡಿಯ ನಾಲ್ಕೂ ಚಕ್ರದ ಗಾಳಿ ಬಿಟ್ಟರು. ನಾವಲ್ಲವೆಂದು ನಮ್ಮವರು ಆಣೆ ಇಟ್ಟರು. ಹೊಡೆದಾಟವಾಯಿತು. ನಮ್ಮ ಚಾಲಕ ಜಟ್ಟಪ್ಪನ ತಲೆಗೆ ಎಂಟು ಹೊಲಿಗೆ.

ಯಾರೋ ಏನು ಬಂತು, ನಾನೇ ಬಿಟ್ಟೆ. ಹೇಳಬಾರದು ಅಂದುಕೊಂಡು ಬಂದಿದ್ದೆ, ಬಾಯಿ ತಪ್ಪಿತು. ಅವರು ಮುರಿಯುವ ಮೊದಲು ನಾವೇ ಮುರಿಯಬೇಕು ಎಂಬ ಹೆದರಿಕೆ, ಬಂಧುಗಳೇ. ಬರೀ ಹೆದರಿಕೆ!

ಆಮೇಲೆ ಜನ ನಮ್ಮಿಬ್ಬರ ಗಾಡಿಯನ್ನೂ ಹತ್ತಲಿಲ್ಲ. ಮೂರು ವಾರ ಖಾಲಿ ಸೀಟು. ಸ್ಟ್ಯಾಂಡಿನ ಚಾದಂಗಡಿಯ ವೆಂಕಮ್ಮ ನಮ್ಮನ್ನು ಒಂದೇ ಬೆಂಚಿನಲ್ಲಿ ಕೂರಿಸಿದರು. "ಹೊಡೆದಾಡಿ ಗೆದ್ದವರು ಯಾರು, ನನಗೂ ಒಂಚೂರು ತೋರಿಸಿ" ಅಂದರು. ನಾನು ಬಗ್ಗದೆ ಕೇಳಿದೆ: "ಮತ್ತ ರಾಜಿ ಮಾಡಿಕೊಂಡ್ರ ಇವರು ಮುರಿಯೂದಿಲ್ಲಂತ ಏನ್ರಿ ಗ್ಯಾರಂಟಿ?"

ವಿಘ್ನೇಶ್ವರಣ್ಣ ನನ್ನನ್ನು ಹೊರಗೆ ಕರೆದರು. "ಗಾಳಿ ಬಿಟ್ಟದ್ದು ನೀನು. ನಾನು ಕಂಡಿದ್ದೆ ಮಾರಾಯ."

"ಮತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರೆ ನಿನ್ನವರ ಎದುರು ನಿನಗೆ ತಲೆ ಎತ್ತಲಿಕ್ಕೆ ಆಗ್ತಿತ್ತಾ? ತಲೆ ತಗ್ಗಿಸಿದವನ ಹತ್ರ ಎಂತ ರಾಜಿ ಮಾಡೂದು?"

ಒಳಗೆ ಬಂದು ಹೊಸ ರಾಜಿಯನ್ನು ನನ್ನ ಕೈಯಾರೆ ಬರೆದೆ: ದಾರಿಯಲ್ಲಿ ಯಾರ ಗಾಡಿ ಕೆಟ್ಟು ನಿಂತರೂ, ಇನ್ನೊಂದು ಕಡೆಯವರು ಅದರ ಜನರನ್ನು ಊರು ಮುಟ್ಟಿಸಬೇಕು. ಮರುವಾರವೇ ಕೆಟ್ಟದ್ದು ಯಾರದ್ದು? ನನ್ನದೇ! ಹಿಂದಿನಿಂದ ಬಂದವರು ಇವರೇ. ಇವರು ನಿಲ್ಲಿಸಿದರು, ನಿಲ್ಲಿಸಿದರು ಸ್ವಾಮಿ! ನನ್ನ ಜನ ಹತ್ತಿದರು, ಕೊನೆಗೆ ನಾನೂ ಹತ್ತಿದೆ. ನನ್ನ ಹೆದರಿಕೆ ಅವತ್ತು ಹೋದದ್ದು, ತಿರುಗಿ ಬರಲಿಲ್ಲ.

ಏ ಜಟ್ಟಪ್ಪ, ಯಾಕ ಎದ್ದಿ? ಹೊಡೀಲಿಕ್ಕೇನು? ನಗಾಕ ಹತ್ಯಾನ ನೋಡ್ರಿ! ಬಾರಪ್ಪಾ ಮೇಲೆ. ನನ್ನ ತಪ್ಪಿಗೆ ಹೊಲಿಗೆ ಹಾಕಿಸಿಕೊಂಡವ ನೀನು. ಅಣ್ಣಗ ಶಾಲು ನೀನೇ ಹೊದಿಸು, ನಾ ಪಕ್ಕದಾಗ ನಿಂತಿರ್ತೀನಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.