ತಟ್ಟದೆ ಒತ್ತಿದ ಗುರುತು

ದೀಪ ಸಣ್ಣದು ಮಾಡಿ. ಹೇಳಿ ಮುಗಿಸುವವರೆಗೆ ಯಾರೂ ಬಾಯಿ ಹಾಕಕೂಡದು. ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು.

ಅವನಿಗೆ ಅರದಣ್ಣ ಎಂದೇ ಹೆಸರು ಬಿದ್ದಿತ್ತು. ಆ ರಾತ್ರಿ ಹನ್ನೊಂದರ ಮೇಲೆ ಪಾಳುಬಾವಿಯ ಪಕ್ಕದ ದಾರಿಯಲ್ಲಿ ಒಬ್ಬನೇ ಬರುತ್ತಿದ್ದ. ಕಂಕುಳಲ್ಲಿ ಬಟ್ಟೆ ಸುತ್ತಿದ, ಲೋಹ ಉಜ್ಜುವ ಏಳು ಅರಗಳು. ಹದಿನೆಂಟು ವರ್ಷ ದುಡಿದ ಕಾರ್ಖಾನೆ ಅಂದು ಮಧ್ಯಾಹ್ನ ಅವನನ್ನು ಹೊರಗೆ ಹಾಕಿತ್ತು.

ಬಾವಿಯೊಳಗಿಂದ ಸದ್ದು ಬಂತು.

ಠಿಣ್...

ಅರದಣ್ಣ ನಿಂತ. ಆ ಸದ್ದು ಅವನಿಗೆ ಹೊಸದಲ್ಲ.

ಆ ಕಾರ್ಖಾನೆಯಲ್ಲಿ ಹಳೆಯ ಕಾಲದ ಮಾದರಿಯ ಬಂದೂಕುಗಳು ತಯಾರಾಗುತ್ತಿದ್ದವು. ನಳಿಗೆಯ ಹಿಂಬದಿಯನ್ನು ಮುಚ್ಚಲು ಉಕ್ಕಿನ ಬಿರಡೆ ಬೇಕು. ಮದ್ದು ಸಿಡಿದಾಗ ಹಾರಿಸುವವನ ಮುಖಕ್ಕೂ ಬೆಂಕಿಗೂ ನಡುವೆ ಇರುವುದು ಅದೊಂದೇ. ಎರಕದವನು ಬಿರಡೆ ಎರೆದು ಕೊಡುತ್ತಿದ್ದ. ಅರದಣ್ಣ ಅದನ್ನು ಉಜ್ಜಿ, ನಯ ಮಾಡಿ, ದಾರಕ್ಕೆ ತೂಗುಹಾಕಿ, ಪುಟ್ಟ ಸುತ್ತಿಗೆಯಿಂದ ತಟ್ಟುತ್ತಿದ್ದ. ಗಟ್ಟಿಯಿದ್ದರೆ ಠಿಣ್ ಎಂದು ದನಿ ಎಳೆಯುತ್ತದೆ. ಒಳಗೆ ಗುಳ್ಳೆಯಿದ್ದರೆ ದಪ್ ಎಂದು ಅಲ್ಲಿಗೇ ಸಾಯುತ್ತದೆ. ಠಿಣ್ ಎಂದದ್ದಕ್ಕೆ ಮಾತ್ರ ಎರಡು ಚುಕ್ಕೆಯ ಗುರುತು ಒತ್ತಬೇಕು. ತಟ್ಟಿದವನೇ ಒತ್ತಬೇಕು. ಅಲ್ಲಿಯ ನಿಯಮ ಅದು.

ಸಿದ್ಧವಾದ ಬಂದೂಕನ್ನು ಮೊದಲು ಹಾರಿಸಿ ನೋಡುವ ಕೆಲಸ ಅವನ ಅಕ್ಕನ ಗಂಡನದು. ನಿಮ್ಮಕ್ಕ ಬಡಿಸಿದ್ದನ್ನಾದರೂ ಎರಡು ಸಲ ನೋಡಿ ಬಾಯಿಗಿಡುತ್ತೇನೆ, ನಿನ್ನ ಚುಕ್ಕೆಯಿದ್ದರೆ ನೋಡುವುದೇ ಇಲ್ಲ ಎಂದು ಭಾವ ನಗಾಡುತ್ತಿದ್ದ.

ಒಮ್ಮೆ ಅರದಣ್ಣ ಜ್ವರದಿಂದ ಮೂರು ದಿನ ಮಲಗಿದ. ಎದ್ದು ಹೋದಾಗ ಅವನ ಮೇಜಿನ ಮೇಲೆ ಹನ್ನೆರಡು ಬಿರಡೆಗಳು ಆಗಲೇ ನಯವಾಗಿ ಕುಳಿತಿದ್ದವು. ಎರಕದವನು ಅವನ ಜೊತೆಗೇ ಕೆಲಸ ಕಲಿತವನು, ಒಂದೇ ಡಬ್ಬಿಯಲ್ಲಿ ಉಂಡವನು.

"ನಾನೇ ಉಜ್ಜಿದೀನಿ, ನಾನೇ ತಟ್ಟಿದೀನಿ. ನೀನು ಚುಕ್ಕೆ ಒತ್ತು, ಸಾಕು."

ಒತ್ತಿದ. ಹನ್ನೆರಡಕ್ಕೂ.

ಅದರಲ್ಲಿ ಒಂದನ್ನು ಕೂರಿಸಿದ ಬಂದೂಕು ಹಿಂದಕ್ಕೆ ಸಿಡಿಯಿತು. ಭಾವನನ್ನು ಮನೆಗೆ ತರುವಾಗ ಮುಖ ಮುಚ್ಚಿಯೇ ತಂದರು.

ವಿಚಾರಣೆಯಲ್ಲಿ ಎರಕದವನು ಅರದಣ್ಣನ ಕಡೆ ತಿರುಗಲಿಲ್ಲ. ತಾನು ಅರ ಮುಟ್ಟಿದವನೇ ಅಲ್ಲ, ಗುರುತು ಯಾರದೆಂದು ನೋಡಿಕೊಳ್ಳಿ ಎಂದ. ಗುರುತು ಅರದಣ್ಣನದೇ. ಅಲ್ಲಿಗೆ ಕೆಲಸ ಹೋಯಿತು. ಸಂಜೆ ಅಕ್ಕನ ಮನೆಗೆ ಹೋಗಿ, ಮುಚ್ಚಿದ ಕದಕ್ಕೆ ಎಲ್ಲವನ್ನೂ ಹೇಳಿದ. ಒಳಗಿನಿಂದ ಬಂದದ್ದು ಒಂದೇ ಮಾತು.

"ಒಂದ್ಸಲ ತಟ್ಟೋಕೆ ಎಷ್ಟು ಹೊತ್ತು ಬೇಕಿತ್ತೋ?"

ಕದ ತೆರೆಯಬಹುದೆಂದು ಬಹಳ ಹೊತ್ತು ನಿಂತಿದ್ದ. ಆಮೇಲೆ ಈ ದಾರಿ ಹಿಡಿದ.

ಠಿಣ್... ಠಿಣ್... ಬಾವಿಯ ಕಟ್ಟೆಯ ಮೇಲೆ ಅರದ ಕಟ್ಟನ್ನು ಇಟ್ಟು, ತನಗೇ ತಿಳಿಯದೆ ಎಣಿಸತೊಡಗಿದ. ಹನ್ನೊಂದು. ಆಮೇಲೆ...

ದಪ್.

"ಇದನ್ನ ತಟ್ಟಿದ್ಯಾ?"

ಪಿಸುದನಿ. ಭಾವನದು.

"ಇಲ್ಲ, ಭಾವ."

"ಮತ್ತೆ ಚುಕ್ಕೆ?"

"ಅವನು ತಟ್ಟಿದೀನಿ ಅಂದ... ನಂಬಿದೆ."

 ಬಾವಿಯೊಳಗಿಂದ ಉತ್ತರ ಬಂತು.

"ನಾನೂ ನಂಬಿದ್ದೆ ಕಣೋ."

ಅನಂತರ ಬೇರೆ ಸದ್ದು. ಸರ್ರ್... ಸರ್ರ್... ಉಕ್ಕಿನ ಮೇಲೆ ಸಣ್ಣ ಅರ ಎಳೆಯುವ ಸದ್ದು. ನಡುವೆ ನಿಲ್ಲುವುದು, ಮತ್ತೆ ಆರಂಭ. ಹೀಗೆ ಹನ್ನೆರಡು ಸಲ. ಕೊನೆಗೆ ಬುಳಕ್ ಎಂದು ನೀರು ಮುಚ್ಚಿಕೊಂಡಿತು. ಅರದಣ್ಣ ಕಟ್ಟನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡ. ಮನೆಗೆ ಬಂದು ಕಟ್ಟು ಬಿಚ್ಚಿದರೆ ಅರಗಳು ಆರೇ ಇದ್ದವು. ತೀರ ಸಣ್ಣದು ಇರಲಿಲ್ಲ.

ಬೆಳಿಗ್ಗೆ ಕಾರ್ಖಾನೆಯ ಯಜಮಾನರು ಅವನನ್ನೂ ಎರಕದವನನ್ನೂ ಕರೆಸಿದರು. ವಿಚಾರಣೆ ಮುಗಿದ ಮೇಲೆ ಬಿರಡೆಗಳನ್ನು ಇಟ್ಟು ಮುದ್ರೆ ಹಾಕಿದ್ದ ಬೀರುವಿನ ಬೀಗ ಹಾಗೆಯೇ ಇತ್ತು, ಅರಗಿನ ಮುದ್ರೆ ಒಡೆದಿರಲಿಲ್ಲ. ಒಳಗೆ, ಒಡೆದ ಬಿರಡೆಯ ಮೇಲೂ ಉಳಿದ ಹನ್ನೊಂದರ ಮೇಲೂ ಎರಡು ಚುಕ್ಕೆ ಮಾಯ. ಆ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಕೆಳಗೆ ಒದ್ದೆಯಾದ ಉಕ್ಕಿನ ಪುಡಿ. ಅದೇ ಬೀರುವಿನಲ್ಲಿ ಅರದಣ್ಣ ಹಿಂದೆ ತಾನೇ ತಟ್ಟಿ ಒತ್ತಿದ ಬಿರಡೆಗಳಿದ್ದವು. ಅವುಗಳ ಒಂದು ಚುಕ್ಕೆಯೂ ಮಾಸಿರಲಿಲ್ಲ.

ಯಜಮಾನರು ಎರಕದವನ ಕೈಗೆ ದಾರ, ಆ ಹನ್ನೊಂದರಲ್ಲಿ ಒಂದು ಬಿರಡೆ, ಸುತ್ತಿಗೆ ಕೊಟ್ಟು, ತಟ್ಟು ಎಂದರು. ಅವನು ದಾರ ಹಿಡಿದ. ತಟ್ಟಲಿಲ್ಲ. ಎಲ್ಲವನ್ನೂ ಮೇಜಿನ ಮೇಲಿಟ್ಟು ಹೊರಟುಹೋದ. ಆಗಲೂ ಅರದಣ್ಣನ ಕಡೆ ತಿರುಗಲಿಲ್ಲ.

ಸಂಜೆ ಅಕ್ಕನ ಮನೆಯ ಕದ ತೆರೆದಿತ್ತು. ಅವಳ ಕೈಯಲ್ಲಿ ಆ ಸಣ್ಣ ಅರ. ಹೊಸ್ತಿಲ ಮೇಲೆ ಬಿದ್ದಿತ್ತಂತೆ.

"ನಿಂದಾ?"

"ಹೂಂ, ಅಕ್ಕಾ."

ಕೊಟ್ಟಳು. ಅಂದಿನಿಂದ ಮಾತಾಡುತ್ತಾಳೆ, ಆದರೆ ಇಂದಿಗೂ ಒಳಗೆ ಬಾ ಎಂದು ಕರೆದಿಲ್ಲ.

ಅರದಣ್ಣ ನನಗೆ ಕೊಟ್ಟ ಆ ಅರ ಈಗ ನನ್ನ ಪೆಟ್ಟಿಗೆಯಲ್ಲಿದೆ. ದಿನಾ ರಾತ್ರಿ ಒಣಬಟ್ಟೆಯಿಂದ ಒರೆಸಿ ಇಡುತ್ತೇನೆ. ಬೆಳಿಗ್ಗೆ ತೆಗೆದರೆ ಒದ್ದೆ. ಇಷ್ಟು ವರ್ಷವಾಯಿತು, ತುಕ್ಕು ಹಿಡಿದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದು ಇದೇ.